ದಬರಿ

ಗುತ್ತಲು ಬೀದಿಗೆ ಕೂದಲಿನವನು ಬಂದಿದ್ದ,
ಸೈಕಲ್ಲಿನ ತುಂಬ ಸ್ಟೀಲು, ಬಲೂನು.
ತಿಂಗಳಿಗೊಂದು ಉಂಡೆ ಗೋಡೆಸಂದಿನಿಂದ ತೆಗೆದು
ಪಿನ್ನು ಈಸಿಕೊಳ್ಳುತ್ತಿದ್ದವಳು ನಾನು.

ಈ ಸಲ ದಿಂಬಿನಿಂದ ಬಳಿದು ಕಟ್ಟಿಟ್ಟದ್ದು
ಒಂದು ಚೀಲ.
ತೂಗಿದ. ಏನೂ ಕೇಳಲಿಲ್ಲ.
ದಬರಿ ಕೊಟ್ಟ, ಮುಚ್ಚಳ ಸಮೇತ.

ಅದರಲ್ಲೇ ಈಗ ಕೊಬ್ಬರಿ ಎಣ್ಣೆ ಬೆಚ್ಚಗಾಗುತ್ತದೆ.
ನಾದಿನಿ ಸಾಕಮ್ಮಣ್ಣಿ ಕಪ್ಪಿಟ್ಟ ಉಗುರಿಗೆ ಸವರುತ್ತಾಳೆ,
ಆಮೇಲೆ ಹೊಲಿಗೆಯ ಗೆರೆಗೆ.
ಅಲ್ಲಿ ಅವಳ ಕೈಗೆ ನೆಂಟರ ಮನೆಯ ಸಂಕೋಚ.
"ಒತ್ತು ಕಣಮ್ಮಿ, ಅಲ್ಲೇನೂ ಗೊತ್ತಾಗಕಿಲ್ಲ."

ನೆತ್ತಿಯ ಮೇಲೆ ಆಲೆಮನೆಯ ಹೊಗೆಬಣ್ಣದ ತುಪ್ಪಳ,
ಅದೂ ಗುಂಗುರು! ನಮ್ಮ ವಂಶದಲ್ಲೇ ಇಲ್ಲದ್ದು.
ಯಾರದಪ್ಪ ಇದು?

ಬಾಚಣಿಗೆ ಹುಡುಕಿದೆ.
ಹಲ್ಲಿನಲ್ಲಿ ಹಳೆಯ ಉದ್ದನೆಯದೊಂದು ಇನ್ನೂ ಸಿಕ್ಕಿಕೊಂಡಿತ್ತು.
ಬಿಡಿಸಲಿಲ್ಲ.
ಹಾಗೇ ಬಾಚಿದೆ.