ಮರೆ

ದೋಣಿಯನ್ನು ಅಂಗಳದಲ್ಲಿ ಬೋರಲು ಹಾಕಿ
ಡಾಂಬರು ಕಾಯಿಸಿ ಬಳಿದದ್ದು ಬೇಸಿಗೆಯಲ್ಲಿ.
ಈಗ ನವೆಂಬರು. ಸಮುದ್ರ ಇನ್ನೇನು ಎದುರಿಗಿದೆ ಎನ್ನುವಾಗ
ದಾನ್ಯೂಬ್ ನದಿ ದಾರಿ ಮರೆತು ನೂರು ಕವಲಾಗುವ ಈ ಕೆಸರಿಗೆ
ಉತ್ತರದ ಬಾತುಗಳು ಬಂದಿಳಿದಿವೆ.
ನನ್ನ ದೋಣಿಯೋ ಕಡುಗಪ್ಪು.
ಹಳದಿ ಜೊಂಡಿನ ನಡುವೆ ಹುಳುಕು ಹಲ್ಲಿನ ಹಾಗೆ
ಆಕಾಶಕ್ಕೆಲ್ಲ ಕಾಣುತ್ತದೆ.

ಮಾವ ಎವ್ಫೀಮ್ ಹೇಳುತ್ತಿದ್ದ, ಗಡ್ಡದಲ್ಲಿ ಮೀನಿನ ಮುಳ್ಳು ಹುಡುಕುತ್ತ:
"ಬಾತಿಗೆ ಬಂದೂಕಿನ ಭಯವಿಲ್ಲ ಸಾವೆಲ್, ಗೆರೆಯ ಭಯ.
ನೇರವಾದ ಅಂಚೊಂದು ಕಂಡರೆ ಸಾಕು,
ಅಲ್ಲಿ ಮನುಷ್ಯನಿದ್ದಾನೆಂದು ಅದಕ್ಕೆ ಗೊತ್ತು."

ವಿಲೋ ಮರದ ಹಸಿಕೋಲು ಆರು, ಹೆಬ್ಬೆರಳ ದಪ್ಪದವು.
ಬಾಗಿಸಿ, ಎರಡೂ ತುದಿ ದೋಣಿಯಂಚಿನ ತೂತಿಗೆ ಸಿಕ್ಕಿಸಿದೆ.
ಕಮಾನು ಕಮಾನಾಗಿ ನಿಂತವು,
ಯಾವುದರ ಹಾಗೆ ಎಂದು ನೆನೆಯಹೋಗಲಿಲ್ಲ.
ಮೇಲೆ ಗೆಂಡೆಮೀನಿನ ಹರಕು ಬಲೆ. ಬಲೆಯ ಕಣ್ಣುಕಣ್ಣಿಗೂ
ಹೋದ ವರ್ಷದ ಒಣ ಜೊಂಡು, ಹಿಡಿ ಹಿಡಿಯಾಗಿ,
ಬುಡ ಕೆಳಗೆ, ಕುಚ್ಚು ಮೇಲೆ, ಒಂದು ಗಿಡ್ಡ ಒಂದು ಉದ್ದ.
ಅಗ್ರಿಪೀನ ಬಾಗಿಲಲ್ಲಿ ನಿಂತು ನೋಡಿ
"ಕ್ಷೌರ ಕಾಣದ ತಲೆ" ಎಂದು ಒಳಗೆ ಹೋದಳು.
ಹೊಗಳಿಕೆಯೆಂದೇ ತಿಳಿದೆ.

ಎದುರಿಗೆ ಮಡಚುವ ಕದವೊಂದು. ಕೀಲಿಗೆ ಹಳೇ ಬೂಟಿನ ಚರ್ಮ,
ಕಬ್ಬಿಣವಾದರೆ ಕಿರುಗುಟ್ಟುತ್ತದೆ.
ಹುಟ್ಟಿನ ಹೊಳಪಿಗೆ ಕೆಸರು. ನಳಿಗೆಗೆ ಕಂದು ಚಿಂದಿ.
ಚಹಾದ ಫ್ಲಾಸ್ಕಿಗೆ ಒಂಟಿ ಕಾಲುಚೀಲ.

ಕತ್ತಲಿರುವಾಗಲೇ ಹೋಗಿ ಕಾಲುವೆಯ ತಿರುವಿನಲ್ಲಿ
ಜೊಂಡಿನೊಳಗೆ ದೋಣಿ ತೂರಿಸಿ ಕೂತೆ.
ಮರೆಯಲ್ಲಿ ಕೂತವನು ಮೊದಲು ಕೈ ಮರೆಯಬೇಕು,
ಆಮೇಲೆ ಕಾಲು. ಮೂಗಿನ ತುದಿಯ ತುರಿಕೆ ಎಲ್ಲಕ್ಕೂ ಕೊನೆಗೆ.
ನಾಮದ ಕೋಳಿಯೊಂದು ಬಂದು
ದೋಣಿಯ ಪಕ್ಕೆಯನ್ನೇ ಎರಡು ಸಲ ಕುಕ್ಕಿ ನೋಡಿತು,
ನಾನಿಲ್ಲ ಎಂಬುದಕ್ಕೆ ಸಹಿ ಹಾಕಿದ ಹಾಗೆ.

ಬಂದವು. ಹಸಿರು ತಲೆಯವು, ಒಂಬತ್ತು.
ಎರಡು ಸುತ್ತು ಹಾಕಿ, ರೆಕ್ಕೆಯನ್ನು ಬಟ್ಟಲಾಗಿಸಿ, ಕಾಲು ಚಾಚಿ,
ಆಚೆಯ ಬಯಲು ನೀರನ್ನು ಸೀಳಿ ಕೂತವು.
ಕದಕ್ಕೆ ಕೈ ಹಾಕಿದೆ.

ಆಗ ಬೆನ್ನ ಹಿಂದೆ, ಕಾಲುವೆಯಲ್ಲಿ, ಹುಟ್ಟಿನ ಸದ್ದು.
ಅಗ್ರಿಪೀನ, ಅವಳ ತಂಗಿ ಉಲೀತ,
ಅಂಗಡಿಯವನ ದೋಣಿಗೆ ಮೊಟ್ಟೆ ಕೊಡಲು ಹೊರಟವರು.
"ಬಾವ ಬಾಯೇ ಬಿಡುವುದಿಲ್ಲವಲ್ಲ, ಹೇಗೆ ಬಾಳುತ್ತೀ ಅಕ್ಕಾ?"
ಹುಟ್ಟು ಮೂರು ಸಲ ನೀರಿಗೆ ಬಿದ್ದು ಎದ್ದಿತು.
ಉಸಿರು ಹಿಡಿದಿದ್ದೆ, ಬಾತಿಗಾಗಿ ಅಲ್ಲ.

"ಮಗು ಹೋದ ವರ್ಷ," ಎಂದಳು ನನ್ನವಳು,
"ನನಗೆ ನಿದ್ದೆ ಬಂತೆಂದುಕೊಂಡು ಎದ್ದು ಹೋಗಿ
ದೋಣಿಮನೆಯಲ್ಲಿ ತೊಟ್ಟಿಲು ಬಿಚ್ಚುತ್ತಿದ್ದ. ಒಂದೊಂದೇ ಮೊಳೆ.
ಸುತ್ತಿಗೆಗೆ ಬಟ್ಟೆ ಸುತ್ತಿದ್ದ, ನನಗೆ ಕೇಳಬಾರದೆಂದು.
ಕೇಳಿಸುತ್ತಿತ್ತು ಉಲೀತ.
ಕೇಳಿಸಿತೆಂದು ಇವತ್ತಿಗೂ ಹೇಳಿಲ್ಲ."

ಸದ್ದು ದೂರವಾಯಿತು. ಒಂಬತ್ತೂ ಅಲ್ಲೇ ಇದ್ದವು,
ಕಲ್ಲೆಸೆದರೆ ಬೀಳುವಷ್ಟು ಹತ್ತಿರ, ಕೊಕ್ಕಿನಿಂದ ಎದೆ ತೀಡುತ್ತ.
ಗುಂಡು ಹಾರಿದರೆ ಅವಳಿಗೆ ತಿಳಿಯುತ್ತದೆ, ಇಲ್ಲೇ ಇದ್ದೆನೆಂದು.
ಕದ ಮುಚ್ಚಿದೆ. ಚರ್ಮದ ಕೀಲು. ಸದ್ದಾಗಲಿಲ್ಲ.

ಸಂಜೆ ಬರಿಗೈ ನೋಡಿ "ಒಂದೂ ಇಲ್ಲವೆ?" ಎಂದಳು.
"ಕಂಡುಬಿಟ್ಟೆ ಅವಕ್ಕೆ" ಎಂದೆ.
ಮೀನಿನ ಸಾರು ಬಡಿಸಿದಳು. ಇನ್ನೊಂದು ಸೌಟು ಹಾಕಿದಳು,
ಕೇಳದೆಯೇ.

ಮಾರನೆಯ ದಿನ ಲಾಟೀನು ಹಿಡಿದು ದೋಣಿಯ ಬಳಿ ಹೋದರೆ
ಬಲೆಯ ಹಿಂಬದಿಯಲ್ಲಿ, ಕಾಲುವೆಯತ್ತ ತಿರುಗುವ ಮಗ್ಗುಲಲ್ಲಿ,
ನಾನು ಕಾಣದೆ ಬಿಟ್ಟಿದ್ದ ಅಂಗೈಯಗಲದ ತೆರಪಿಗೆ
ಹೊಸದಾಗಿ ಕಟ್ಟಿದ ಒಂದು ಹಿಡಿ ಜೊಂಡು.
ಗಂಟು ನನ್ನದಲ್ಲ.
ತಲೆವಸ್ತ್ರಕ್ಕೆ ಗಲ್ಲದ ಕೆಳಗೆ ಅವಳು ಹಾಕುವ ಗಂಟು.