ಕಮರೋನೆಸ್ ಕಣಿವೆಯ ನೀರು

ಎದುವಿನಾ ಚೋಕೆ ಗಾಜಿನ ಕೊಳವೆಗೆ ಉಗುಳುತ್ತಾಳೆ,
ನಾಚಿಕೆಗೆ ಗೋಡೆ ಕಡೆ ತಿರುಗಿ.
"ಇಷ್ಟು ಸಾಕಾ?"
ನರ್ಸ್ ಯಾಸ್ನಾ ಮೇಲಿನ ಗೀಟು ತೋರಿಸುತ್ತಾಳೆ.

ಹೊರಗೆ ಹೊಳೆ. ಜ್ವಾಲಾಮುಖಿಯ ಬುಡದಿಂದ
ಆರ್ಸೆನಿಕ್ ಹೊತ್ತು ಮರಳುಗಾಡಿಗೆ ಇಳಿಯುತ್ತದೆ.
ಬಣ್ಣವಿಲ್ಲ, ವಾಸನೆಯಿಲ್ಲ, ತಣ್ಣಗಿದೆ.
ಹಾಲು ಕುಡಿದ ಮಕ್ಕಳೇ ಬದುಕೋಲ್ಲ,
ವಿಷ ಕುಡಿದಾವು ಬದುಕ್ಯಾವೇ
ಅನ್ನುತ್ತದೆ ನಮ್ಮ ಗಾದೆ.
ಎದುವಿನಾಗೆ ಎಂಬತ್ತೊಂದು. ಗಾದೆ ಅವಳಿಗೆ ಗೊತ್ತಿಲ್ಲ.
ಗಂಡ ದಕ್ಷಿಣದವನು, ಇದೇ ಹೊಳೆಗೆ ಅಳಿಯನಾಗಿ ಬಂದವನು;
ಅಂಗೈ ಗಂಟುಗಂಟಾಗಿ, ಎದೆ ಕಪ್ಪಿಟ್ಟು,
ಐವತ್ತಕ್ಕೇ ಹೋದ.

ಯಾವಾಗಲೋ, ಯಾರ ಬಸಿರಿಗೂ ಮೊದಲು,
ಒಂದು ಅಕ್ಷರ ತಪ್ಪಿತ್ತು.
ಕಲ್ಲಿನೊಳಗಿನ ಕಿರಣವೋ,
ಎಂದೋ ಸತ್ತ ನಕ್ಷತ್ರದ ಚೂರೋ,
ಇಲ್ಲಾ ನಕಲು ಬರೆಯುವ ಕೈ ಸುಮ್ಮನೆ ಜಾರಿತೋ.
ನೀರನ್ನು ಕೇಳಿ ಆದದ್ದಲ್ಲ.
ಅಂಥ ತಪ್ಪುಗಳು ಎಷ್ಟೋ, ಹೆಚ್ಚಿನವು ಲೆಕ್ಕಕ್ಕಿಲ್ಲ,
ಕೆಲವು ತೊಟ್ಟಿಲು ದಾಟಲಿಲ್ಲ.
ನೀರು ಏನನ್ನೂ ಕಲಿಸಲಿಲ್ಲ.
ಬೇರೆಯವರನ್ನು ಬೇಗ ಬೇಗ ಮಣ್ಣಿಗೆ ಕಳಿಸಿತು,
ಅಷ್ಟೇ.

ಅಂಗಳದ ಮಗ್ಗದಲ್ಲಿ, ಕೆಂಪು ಪಟ್ಟಿಯ ನಡುವೆ
ಒಂದು ಎಳೆ ಅಡ್ಡ ಹೋಗಿದೆ.
ಯಾಸ್ನಾ ಬೆರಳಿಟ್ಟು ತೋರಿಸಿದಳು.
ಗೊಣಗುತ್ತ ಬಿಚ್ಚತೊಡಗಿದಳು ಮುದುಕಿ,
ಮೂರು ಸಾಲು ಹಿಂದಕ್ಕೆ.

ಊಟಕ್ಕೆ ಸೀಗಡಿ ಸಾರು, ಪಕ್ಕದಲ್ಲಿ ಒಂದು ಲೋಟ ನೀರು.
ಯಾಸ್ನಾ ಅರಿಕಾ ಪೇಟೆಯವಳು, ಬ್ಯಾಗಿನಲ್ಲಿ ಬಾಟಲಿ ಇದೆ.
ಲೋಟ ನೋಡಿದಳು.
ಎದುರಿಗೆ ಕೂತು ಕಾಯುತ್ತಿದ್ದ ಮುಖ ನೋಡಿದಳು.

ಒಂದೇ ಗುಟುಕು.
"ಇಷ್ಟು ಸಾಕಾ?" ಎಂದಳು ಎದುವಿನಾ.