ಏಳನೆಯ ಮೆಟ್ಟಿಲು

ಗೋಡೆ ಒಂದೂವರೆ ಮೊಳ ದಪ್ಪ, ಬೂದಿಬಣ್ಣದ ಗ್ರಾನೈಟು.
ಪೋರ್ಚುಗಲ್ಲಿನ ಈ ಬಡಗಣ ಗುಡ್ಡದಲ್ಲಿ
ಮನೆ ಕಟ್ಟಿದವರಿಗೆ ಚಳಿಯದೊಂದೇ ಲೆಕ್ಕ.
ಗೋಡೆ ತೂರಿ ಹೋಗಬೇಕಾದ ಮಾತೂ ಇದ್ದೀತೆಂದು
ಯಾರು ಕನಸು ಕಂಡಿದ್ದರು?

ದಿಯೋಲಿಂದಾಗೆ ಕಿವಿ ಕೇಳದು. ತಂಗಿ ಜುಲ್ಮೀರಾಗೂ.
ತಂಗಿ ಲಕ್ಸೆಂಬರ್ಗಿನ ಲಾಂಡ್ರಿಯೊಂದರಲ್ಲಿ
ಹೋಟೆಲಿನ ಹಾಸುಬಟ್ಟೆ ಮಡಿಸುತ್ತಾಳೆ.
ಅಕ್ಕತಂಗಿಯರ ಹರಟೆಯೆಲ್ಲ ವಿಡಿಯೋದಲ್ಲಿ:
ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮಾತು.
ಪ್ರತಿ ಪದವೂ ಅರ್ಧ;
ಉಳಿದರ್ಧ ಹುಬ್ಬು ಹೇಳುತ್ತದೆ.

ಅಡುಗೆಮನೆಯಿಂದ ಮಹಡಿಗೆ ಹೊರಟರೆ
ಏಳನೆಯ ಮೆಟ್ಟಿಲಲ್ಲಿ ಕೈಕೊಡುತ್ತಿತ್ತು.
ಪರದೆಯಲ್ಲಿ ತಂಗಿಯ ಬೆರಳು
ಗಲ್ಲದ ಹತ್ತಿರ ಬಂದು ನಿಂತೇಬಿಡುತ್ತಿತ್ತು.
ಗಲ್ಲ ಮುಟ್ಟಿದರೆ ಒಂದರ್ಥ,
ಮುಟ್ಟದೆ ಹೊರಳಿದರೆ ಇನ್ನೊಂದು,
ನಡುವೆ ನಿಂತರೆ?
ಹೋದ ತಿಂಗಳು 'ಡಾಕ್ಟರು' ಎಂಬಲ್ಲಿ ಚಿತ್ರ ಕಲ್ಲಾಯಿತಂತೆ.
ಮತ್ತೆ ಕರೆದರೆ ತಂಗಿಯ ಪಾಳಿ ಶುರುವಾಗಿತ್ತು.
ರಾತ್ರಿ ಹತ್ತರವರೆಗೆ ಅಕ್ಕ ಮೆಟ್ಟಿಲಲ್ಲೇ ಕೂತಿದ್ದಳಂತೆ
ಒಂದು ಹುಳುಕು ಹಲ್ಲಿನ ಸುದ್ದಿಗಾಗಿ.

ಇದನ್ನೆಲ್ಲ ಚೀಟಿಯಲ್ಲಿ ಬರೆದು ಕೊಟ್ಟಳು.
ನಾನು ಅಬೀಲಿಯು, ಊರಿಗೆ ಒಬ್ಬನೇ ವೈರಿನವನು,
ಬಾಯ್ಲರಿಗೂ ನಾನೇ.

ಮಹಡಿಗೆ ವೈರು ಎಳೆಯಲು ಗೋಡೆ ಕೊರೆಯಬೇಕಾಗಲಿಲ್ಲ.
ಅವರಪ್ಪ ಎಂದೋ ಟೆಲಿಫೋನಿಗೆಂದು ಹೊಡೆಸಿದ ತೂತಿತ್ತು.
ಈ ಇಬ್ಬರು ಮಕ್ಕಳಿಗೆ
ಒಂದು ದಿನವೂ ರಿಂಗಾಗದ ಟೆಲಿಫೋನು.
ಒಳಗಿನ ಜೇಡರಬಲೆ ತೆಗೆದು ಹೊಸ ಕೇಬಲ್ಲು ನುಗ್ಗಿಸಿದೆ.

ಕೆಳಗೊಂದು ಪೆಟ್ಟಿಗೆ, ಮೇಲೊಂದು.
ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡು.
ಎರಡನ್ನೂ ಪೂರ್ತಿ ಜೋರಿಗೆ ತಿರುಗಿಸಿ
ಹತ್ತು ನೋಡೋಣ ಎಂದು ಸನ್ನೆ ಮಾಡಿದೆ.
ಹತ್ತಿದಳು. ಏಳರಲ್ಲಿ ಮತ್ತೆ ಕಲ್ಲು.

ಬಿಡುವುದು ಯಾವಾಗ ಎಂಬುದು ಪೆಟ್ಟಿಗೆಯ ಕೈಲಿಲ್ಲ,
ಅದು ಫೋನಿನ ಹಟ.
ನೆತ್ತಿಯ ಮೇಲೇ ಹೊಸತು ಕಾದಿದ್ದರೂ
ಕೆಳಗಿನ ಹಳೆಯ ಎಳೆಯನ್ನೇ ಕಚ್ಚಿಕೊಂಡಿತ್ತು,
ಸಣ್ಣಗಾದರೂ ಸರಿ, ಕೇಳುತ್ತದಲ್ಲ ಎಂದು.

ಕಿವಿ ಕೇಳದ ಮನೆಯಲ್ಲಿ ಕೂತು
ಮಧ್ಯಾಹ್ನವೆಲ್ಲ ದನಿ ತಗ್ಗಿಸಿದೆ.
ಕೆಳಗಿನದು ಮೆಟ್ಟಿಲ ಬುಡಕ್ಕೆ ಸಾಕು,
ಮೇಲಿನದು ತುದಿಯಿಂದ ನಾಲ್ಕು ಹೆಜ್ಜೆಗೆ.
ಒಂದಕ್ಕೆ ಒಂದನೆಯ ಚಾನೆಲ್ಲು, ಇನ್ನೊಂದಕ್ಕೆ ಹನ್ನೊಂದು,
ಒಬ್ಬರ ಮಾತಿಗೆ ಒಬ್ಬರು ಬಾಯಿಹಾಕದಂತೆ.
ಬೀಗದ ಗುಟ್ಟು ಇಬ್ಬರಿಗೂ ಮೊದಲೇ ತಿಳಿದಿರಲಿ,
ಬಂದವಳನ್ನು ಹೊಸ್ತಿಲಲ್ಲಿ ತಡೆದು
ಯಾರು ನೀನು ಎನ್ನಬಾರದು.

ಸಂಜೆ ಆರಕ್ಕೆ ಜುಲ್ಮೀರಾ ಬಂದಳು,
ಹಿಂದೆ ಬಿಳಿ ಬಟ್ಟೆಯ ಗುಡ್ಡ.
ದಿಯೋಲಿಂದಾ ಹತ್ತತೊಡಗಿದಳು.
ಐದು. ಆರು.
ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬಿತ್ತು:
ಕೆಳಗಿನದು ಬಿಟ್ಟಿತು, ಮೇಲಿನದು ಹಿಡಿಯಿತು,
ನಡುವೆ ನಲವತ್ತೆರಡು ಮಿಲಿಸೆಕೆಂಡು.
ರೆಪ್ಪೆ ಬಡಿಯಲೂ ಸಾಲದು.

ಏಳರಲ್ಲಿ, ಬರಿಯ ಅಭ್ಯಾಸಬಲದಿಂದ,
ಅವಳೇ ನಿಂತುಬಿಟ್ಟಳು.
ಕೈ ಗಾಳಿಯಲ್ಲಿ, ಹುಬ್ಬು ಮೇಲೆ, ಉಸಿರೂ ಇಲ್ಲ.
ತಂಗಿಯ ಬೆರಳು ಗಲ್ಲ ಮುಟ್ಟಿತು, ಹೊರಳಿತು, ಮುಂದೆ ಹೋಯಿತು.
ಆಮೇಲೆ ತಂಗಿ ಪರದೆಗೆ ಮೂಗು ತಾಗಿಸಿ
ಎರಡೂ ಕೈ ಬೀಸಿದಳು:
ಅಯ್ಯೋ, ಮತ್ತೆ ನಿಂತುಹೋದೆಯಾ?

ಅಕ್ಕ ಅಲುಗಲಿಲ್ಲ.
ನನ್ನ ಕಡೆಗೊಮ್ಮೆ ಕಣ್ಣು ಮಾತ್ರ ತಿರುಗಿಸಿ
ಇನ್ನಷ್ಟು ಹೊತ್ತು
ಕಲ್ಲಾಗಿಯೇ ಇದ್ದಳು.